ಹಾಸ್ಟೆಲ್ ಕೊಠಡಿಯಿಂದ ಬಂದ ಕುಲಪತಿ

ಉದಗೀರದಲ್ಲಿ ರೈಲು ಹತ್ತಿದವರು ಭಾಲ್ಕಿ ದಾಟಿ ಬೀದರ್‌ನಲ್ಲಿ ಇಳಿಯುತ್ತಾರೆ. ನಡುವೆ ಎಲ್ಲೋ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗಿರುತ್ತದೆ. ತೊಗರಿ ಹೊಲಗಳಿಗೆ ಅದರ ಸುಳಿವೇ ಇಲ್ಲ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ, ಅಹಮದಪುರ ಮೂರೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳು. ಭಾಷಾವಾರು ಹಂಚಿಕೆಯಲ್ಲಿ ಈ ಮೂರು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ ಬಂದವು. ಉಮರ್ಗಾ ಆಗ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ ಈಗಿನ ಹೆಸರು ಧಾರಾಶಿವ. ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಉಮರ್ಗಾ ಬಿಟ್ಟು ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಬಸವಕಲ್ಯಾಣದ ತಿರುವು ಸಿಗುತ್ತದೆ.

ಈ ಗಡಿಪಟ್ಟಿಯ ಕನ್ನಡ ಮನೆಗಳ ಮಕ್ಕಳು ಮನೆಯಲ್ಲಿ ಅವ್ವನ ಜೊತೆ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಎರಡರ ಜೊತೆಗೆ ದಖನಿ ಮಾತಾಡುತ್ತ ಬೆಳೆಯುತ್ತಾರೆ. ಪದವಿಗೆ ಬಂದರೆ ಉದಗೀರ ಮತ್ತು ನಿಲಂಗಾದವರಿಗೆ ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯ. ಉಮರ್ಗಾದವರಿಗೆ ಹಿಂದಿನ ಔರಂಗಾಬಾದಿನಲ್ಲಿರುವ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ. ಬಸ್ಸಿನಲ್ಲಿ ಹೋಗಿ ಒಂದು ಅಂಕಪಟ್ಟಿ ತರುವುದಕ್ಕೆ ಇಡೀ ದಿನ ಹೋಗುವಷ್ಟು ದೂರ. ಹಳ್ಳಿಯ ವಿದ್ಯಾರ್ಥಿಗೆ ಕುಲಪತಿ ಅಂದರೆ ಪದವಿ ಪತ್ರದ ಕೆಳಗಿನ ಒಂದು ಸಹಿ.

ಆ ಸಹಿ ಹಾಕುವ ಕುರ್ಚಿಯಲ್ಲಿ ಪ್ರಯೋಗಾಲಯದಿಂದ ಬಂದ ಮನುಷ್ಯ ಕುಳಿತರೆ ಏನಾಗುತ್ತದೆ? ನಾಂದೇಡದಲ್ಲಿ ಅಂಥವರು ಕುಳಿತದ್ದುಂಟು. ಅಲ್ಲಿನ ಮೊದಲ ಕುಲಪತಿ ಜನಾರ್ದನ ವಾಘಮಾರೆ ಇಂಗ್ಲಿಷ್ ಸಾಹಿತ್ಯದವರು. ಮುಂದೆ ಬಂದವರಲ್ಲಿ ಗಣಿತದ ಸರ್ಜೇರಾವ್ ನಿಮಸೆ ಇದ್ದರು, ಅವರು ಆಮೇಲೆ ಲಖನೌ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಜೈವಿಕ ಭೌತವಿಜ್ಞಾನದ ಪಂಡಿತ ವಿದ್ಯಾಸಾಗರ ಇದ್ದರು. ಆದರೆ ಈ ಪ್ರಶ್ನೆಯನ್ನು ಕೊನೆಯವರೆಗೂ ಹಿಗ್ಗಿಸಿ ನೋಡಿದ ಉದಾಹರಣೆ ಬೇಕೆಂದರೆ ಕರ್ನಾಟಕದ ಇನ್ನೊಂದು ಗಡಿಗೆ ಹೋಗಬೇಕು. ಆಂಧ್ರದ ಹಿಂದೂಪುರಕ್ಕೆ ತಾಗಿಕೊಂಡ ಗೌರಿಬಿದನೂರು ತಾಲೂಕಿನ ಹೊಸೂರಿಗೆ. ಉದಗೀರದಲ್ಲಿ ಕನ್ನಡ–ಮರಾಠಿ ಬೆರೆತಿರುವ ಹಾಗೆ ಅಲ್ಲಿ ಕನ್ನಡ–ತೆಲುಗು ಬೆರೆತಿವೆ. 1920ರ ಜೂನ್ 6ರಂದು ಆ ಊರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಬೆಂಗಳೂರಿನವರ ಬಾಯಲ್ಲಿ ಅವರು ಎಚ್ಚೆನ್.

ಬಡ ಮನೆತನ. ಗೌರಿಬಿದನೂರಿನಲ್ಲಿ ಓದು ಒಂದು ಹಂತಕ್ಕೆ ನಿಂತಾಗ, ತನಗೆ ಪಾಠ ಹೇಳಿದ ಮೇಷ್ಟ್ರೊಬ್ಬರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿದ್ದಾರೆ ಎಂಬುದಷ್ಟೇ ಹುಡುಗನಿಗಿದ್ದ ಭರವಸೆ. ಬಸ್ಸಿಗೆ ದುಡ್ಡಿರಲಿಲ್ಲ. 1935ರಲ್ಲಿ ಸುಮಾರು 80 ಕಿಲೋಮೀಟರ್ ದಾರಿಯನ್ನು ನಡೆದೇ ಬೆಂಗಳೂರು ಸೇರಿದ. ಮೇಷ್ಟ್ರು ಕೈಬಿಡಲಿಲ್ಲ. ಬಡ ಹುಡುಗರ ವಿದ್ಯಾರ್ಥಿನಿಲಯದಲ್ಲಿ ಊಟ, ವಸತಿ ಸಿಕ್ಕಿತು.

ಆ ಶಾಲೆಯ ಹುಟ್ಟಿಗೂ ಒಂದು ಅರ್ಥವಿದೆ. 1917ರಲ್ಲಿ ಅನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣ ಚಳವಳಿಯ ಫಲವಾಗಿ ಶುರುವಾದ ಶಾಲೆ ಅದು. ಮರಾಠವಾಡಾದ ಓದುಗರಿಗೆ ಇಲ್ಲಿ ತಕ್ಷಣ ಹಿಪ್ಪರಗಾ ನೆನಪಾಗುತ್ತದೆ. ಧಾರಾಶಿವ ಜಿಲ್ಲೆಯ ಆ ಹಳ್ಳಿಯ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿದ ಸ್ವಾಮಿ ರಾಮಾನಂದ ತೀರ್ಥರು ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿದವರು. ನಿಜಾಮನ ವಿರುದ್ಧದ ಹೋರಾಟದ ನಾಯಕರಾದ ಅವರ ಹೆಸರನ್ನೇ ನಾಂದೇಡದ ವಿಶ್ವವಿದ್ಯಾಲಯ ಹೊತ್ತಿದೆ. ಸರಕಾರಿ ನೌಕರಿಗೆ ಗುಮಾಸ್ತರನ್ನು ತಯಾರಿಸುವ ಶಾಲೆ ಬೇಡ, ತಲೆಯೆತ್ತಿ ನಿಲ್ಲುವವರನ್ನು ಬೆಳೆಸುವ ಶಾಲೆ ಬೇಕು ಎಂಬ ಹಂಬಲ ಆ ಕಾಲದಲ್ಲಿ ಹಿಪ್ಪರಗಾದಲ್ಲೂ ಇತ್ತು, ಬಸವನಗುಡಿಯಲ್ಲೂ ಇತ್ತು. ಎಚ್ಚೆನ್ನರ ಮುಂದಿನ ನಡೆಗಳೆಲ್ಲ ಈ ಶಾಲೆಯಿಂದಲೇ ಹೊರಟಿವೆ ಎಂದು ಅವರ ಬದುಕನ್ನು ಓದಿದವರಿಗೆ ಅನ್ನಿಸದೆ ಇರದು.

1936ರಲ್ಲಿ ಗಾಂಧೀಜಿ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಂದು ಹೇಳಿದ್ದು ಹೊಸೂರಿನ ಈ ವಿದ್ಯಾರ್ಥಿ. ಅಂದಿನ ಖಾದಿ ಕೊನೆಯವರೆಗೂ ಮೈಮೇಲಿತ್ತು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಓದುತ್ತಿದ್ದಾಗ 1942 ಬಂತು. ತರಗತಿ ಬಿಟ್ಟು ಚಳವಳಿಗೆ ಧುಮುಕಿ ಬೆಂಗಳೂರು, ಮೈಸೂರು, ಪುಣೆಯ ಯರವಡಾ ಜೈಲುಗಳನ್ನು ಕಂಡರು. ಹೊರಬಂದು ಪದವಿ ಮುಗಿಸಿ, 1946ರಲ್ಲಿ ಎಂ.ಎಸ್ಸಿ. ಆದ ಮೇಲೆ ಆಗಷ್ಟೇ ಶುರುವಾಗಿದ್ದ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಮದುವೆಯಾಗಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೊಠಡಿ ಅವರ ಮನೆಯಾಯಿತು.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪಿಎಚ್.ಡಿ. ಪಡೆದಾಗ ಅವರಿಗೆ ನಾಲ್ವತ್ತು. ಅಲ್ಲೇ ಉಳಿಯುವ ದಾರಿ ತೆರೆದಿದ್ದ ಕಾಲ ಅದು. ಅವರು ವಾಪಸ್ ಬಂದು ಅದೇ ಕೊಠಡಿಗೆ ಹೋದರು. 1961ರಲ್ಲಿ ಪ್ರಾಂಶುಪಾಲರಾದರು.

ಮರುವರ್ಷ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ಎಚ್ಚೆನ್ನರ ಎಲ್ಲ ಕೆಲಸಗಳಲ್ಲಿ ಅತಿ ಗಟ್ಟಿಯಾದದ್ದು ಇದೇ ಇರಬೇಕು. ಏರ್ಪಾಡು ತೀರ ಸರಳ. ವಾರಕ್ಕೊಮ್ಮೆ ಸಂಜೆ ಕಾಲೇಜಿನ ಸಭಾಂಗಣದಲ್ಲಿ ಒಂದು ವಿಜ್ಞಾನ ಉಪನ್ಯಾಸ. ಬಾಗಿಲು ಎಲ್ಲರಿಗೂ ತೆರೆದದ್ದು. ಟಿಕೆಟ್ ಇಲ್ಲ, ಗುರುತಿನ ಚೀಟಿ ಇಲ್ಲ. ವಿಜ್ಞಾನಿ ತಾನು ಮಾಡುತ್ತಿರುವ ಕೆಲಸವನ್ನು ನಿವೃತ್ತ ಗುಮಾಸ್ತನಿಗೂ, ಹೈಸ್ಕೂಲ್ ಹುಡುಗಿಗೂ ತಿಳಿಯುವಂತೆ ಹೇಳಬೇಕು, ಕೊನೆಯಲ್ಲಿ ಅವರು ಕೇಳಿದ್ದಕ್ಕೆ ಉತ್ತರಿಸಬೇಕು. ಜುಲೈ ತಿಂಗಳಿಡೀ ದಿನವೂ ಉಪನ್ಯಾಸದ ಹಬ್ಬ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು, ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ಅವುಗಳ ಗೋಡೆಯೊಳಗಿದ್ದ ತಿಳಿವಳಿಕೆಯನ್ನು ಬಸವನಗುಡಿಯ ಜನರ ಮುಂದೆ ಕೂರಿಸುವುದಕ್ಕೆ ಬೇಕಾಗಿದ್ದು ಒಂದು ಕೋಣೆ, ಒಂದು ಕರಿಹಲಗೆ, ವಾರ ತಪ್ಪದೆ ಅದರ ಹಿಂದೆ ಬೀಳುವ ಒಬ್ಬ ಮನುಷ್ಯ.

ಅದೇ 1962ರಲ್ಲಿ ಉದಗೀರದಲ್ಲಿ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಊರ ಮಕ್ಕಳಿಗೆ ಕಾಲೇಜೆಂದರೆ ಪರಸ್ಥಳ. ಮರಾಠವಾಡಾಕ್ಕೆ ತನ್ನದೇ ವಿಶ್ವವಿದ್ಯಾಲಯ ಸಿಕ್ಕಿ ಆಗಿನ್ನೂ ನಾಲ್ಕು ವರ್ಷ. 1958ರ ಆಗಸ್ಟ್ 23ಕ್ಕೆ ಮೊದಲು ಈ ಭಾಗದವರೂ ಹೈದರಾಬಾದಿನ ಉಸ್ಮಾನಿಯಾದತ್ತಲೇ ಮುಖ ಮಾಡಬೇಕಿತ್ತು. ಗಡಿಯ ಈ ಕಡೆ ಕಲಬುರಗಿ, ಬೀದರ್ ಕಾಲೇಜುಗಳು 1956ರ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತೆಕ್ಕೆಗೆ ಬಂದವು. ಅಲ್ಲಿಯೂ ಆಗ ಕುಲಪತಿ ಒಬ್ಬ ಗಣಿತಜ್ಞರೇ. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆದ ಡಿ.ಸಿ. ಪಾವಟೆ. 1954ರಿಂದ 1967ರವರೆಗೆ ಆ ಕುರ್ಚಿಯಲ್ಲಿದ್ದು, ಗುಡ್ಡದ ಮೇಲೆ ಇಡೀ ವಿಶ್ವವಿದ್ಯಾಲಯವನ್ನೇ ಕಟ್ಟಿ ನಿಲ್ಲಿಸಿ, ಅಲ್ಲಿಂದ ಪಂಜಾಬಿನ ರಾಜ್ಯಪಾಲರಾಗಿ ಹೋದವರು. ಆಡಳಿತದ ಕಸುಬು ಬಲ್ಲ ಕುಲಪತಿಗೆ ಪಾವಟೆ ಮಾದರಿ. ಎಚ್ಚೆನ್ ಬೇರೆ ಜಾತಿಯ ಗಿಡ.

1972ರಲ್ಲಿ ಅವರಿಗೆ ಬೆಂಗಳೂರು ವಿಶ್ವವಿದ್ಯಾಲಯ ಒಪ್ಪಿಸಿದಾಗ ಅದಕ್ಕೆ ಎಂಟು ವರ್ಷ ವಯಸ್ಸು. ಮೈಸೂರು ವಿಶ್ವವಿದ್ಯಾಲಯದ ಕೈಕೆಳಗಿದ್ದ ಸೆಂಟ್ರಲ್ ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜನ್ನು ಬೇರೆ ಮಾಡಿ 1964ರಲ್ಲಿ ಕಟ್ಟಿದ ಸಂಸ್ಥೆ. ಊರಿನ ನಡುವೆ ಇಕ್ಕಟ್ಟಾದ ಜಾಗ. ಮೈಸೂರು ರಸ್ತೆಯ ಕಡೆ ಸಾವಿರ ಎಕರೆಗೂ ಮೀರಿದ ಜ್ಞಾನಭಾರತಿ ಆವರಣಕ್ಕೆ ವಿಭಾಗಗಳು ಹೊರಡತೊಡಗಿದ್ದು ಅವರ ಕಾಲದಲ್ಲಿ. ಭೌತವಿಜ್ಞಾನದ ಕುಲಪತಿ ಪ್ರಯೋಗಾಲಯಗಳನ್ನಷ್ಟೇ ಬೆಳೆಸಿಯಾರು ಎಂದುಕೊಂಡವರಿಗೆ ಅಚ್ಚರಿ ಕಾದಿತ್ತು. ನೃತ್ಯ, ನಾಟಕ, ಸಂಗೀತದ ವಿಭಾಗ ಶುರು ಮಾಡಿದರು. ರಂಗದ ಮೇಲೆ ಬೆವರು ಹರಿಸುವ ವಿದ್ಯೆಗೂ ವಿಶ್ವವಿದ್ಯಾಲಯದ ಪದವಿ ಸಲ್ಲಬೇಕು ಎಂಬ ನಿಲುವು ಅದರ ಹಿಂದಿತ್ತು.

ಕುಲಪತಿಯಾದ ಮೇಲೂ ಅವರು ಹಾಸ್ಟೆಲ್ ಕೊಠಡಿ ಬಿಡಲಿಲ್ಲ. ಇದನ್ನು ಸರಳತೆಯ ಕಥೆಯಾಗಿ ಹೇಳಿ ಮುಗಿಸುವುದು ರೂಢಿ. ಆದರೆ ಇದರಲ್ಲಿ ಆಡಳಿತದ ಸಂಗತಿಯೂ ಇದೆ. ಬೆಳಗ್ಗೆ ಹಲ್ಲುಜ್ಜಲು ಹೊರಬಂದರೆ ಎದುರಿಗೆ ವಿದ್ಯಾರ್ಥಿ. ಊಟದ ಸಾರು ಕೆಟ್ಟರೆ ಕುಲಪತಿಗೂ ಅದೇ ಸಾರು. ದೂರು ಕೊಡಲು ಅರ್ಜಿ ಬರೆದು, ಅಪ್ಪಣೆ ಪಡೆದು, ಜವಾನನ ಮುಂದೆ ಕಾಯಬೇಕಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಏನು ನಡೆಯುತ್ತಿದೆ ಎಂಬುದು ಕಡತದ ಮೂಲಕ ಸೋಸಿ ಬರುವ ಮೊದಲೇ ಕಿವಿಗೆ ಬೀಳುತ್ತದೆ. ತನಗೆಂದು ಕೂಡಿಡುವ ಏನೂ ಇಲ್ಲದವನಿಗೆ ಹೆದರಿಸುವವರು ಕಡಿಮೆ, ಆಸೆ ತೋರಿಸುವವರು ಇನ್ನೂ ಕಡಿಮೆ. ಮುಂದೆ ಅವರು ಕೈಹಾಕಿದ ಕೆಲಸಕ್ಕೆ ಈ ನೆಲೆ ಬೇಕಿತ್ತು.

ಆ ಕೆಲಸ 1976ರದು. ಪವಾಡಗಳು ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳ ತನಿಖೆಗೆಂದು ವಿಶ್ವವಿದ್ಯಾಲಯ ಒಂದು ಸಮಿತಿ ನೇಮಿಸಿತು. ಎಚ್ಚೆನ್ ಅದರ ಅಧ್ಯಕ್ಷರು. ತುರ್ತುಪರಿಸ್ಥಿತಿಯ ದಿನಗಳು, ಪ್ರಶ್ನೆ ಕೇಳುವವರು ಎಲ್ಲ ಕಡೆ ಮೆತ್ತಗಾಗಿದ್ದ ಹೊತ್ತು. ಸಮಿತಿಯ ವ್ಯಾಪ್ತಿಯನ್ನು ಗಮನಿಸಬೇಕು. ದೇವರಿದ್ದಾನೆಯೇ ಎಂದು ಅದು ಕೇಳಲಿಲ್ಲ. ಭಕ್ತಿಯನ್ನು ತೂಗಲಿಲ್ಲ. ಯಾರಾದರೂ ಬರಿಗೈಯಿಂದ ವಿಭೂತಿ, ಉಂಗುರ, ಗಡಿಯಾರ ತೆಗೆಯುತ್ತೇನೆ ಎಂದರೆ ಆ ಮಾತು ನಂಬಿಕೆಯ ಕೋಣೆಯಿಂದ ಹೊರಬಂದು ಭೌತವಿಜ್ಞಾನದ ಮೇಜಿನ ಮೇಲೆ ಕೂತಿತು ಎಂಬುದು ಎಚ್ಚೆನ್ನರ ವಾದ. ದ್ರವ್ಯ ಮತ್ತು ಶಕ್ತಿ ಶೂನ್ಯದಿಂದ ಹುಟ್ಟುವುದಿಲ್ಲ ಎಂಬುದು ಪಿಯುಸಿ ಪುಸ್ತಕದಲ್ಲೇ ಇರುವ ನಿಯಮ. ತರಗತಿಯಲ್ಲಿ ಅದನ್ನು ಬರೆಸಿ ಅಂಕ ಕೊಡುವ ವಿಶ್ವವಿದ್ಯಾಲಯ, ರಸ್ತೆಯಲ್ಲಿ ಅದಕ್ಕೆ ವಿರುದ್ಧವಾದದ್ದು ನಡೆಯಿತೆಂದು ಸುದ್ದಿ ಬಂದಾಗ ಹೋಗಿ ನೋಡಬೇಡವೇ?

ಸಮಿತಿ ಹೋಗಿ ನೋಡಿತು. ಪಾಂಡವಪುರದಲ್ಲಿ ವಿಭೂತಿ ಸುರಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಪುಟ್ಟ ಹುಡುಗನ ಮನೆಗೆ ಸದಸ್ಯರು ತೆರಳಿದರು. ವಿಭೂತಿ ಬರುತ್ತಿದ್ದುದು ಅವನ ಬಟ್ಟೆಯೊಳಗೆ ಅಡಗಿಸಿದ್ದ ಗಂಟಿನಿಂದ. ಹುಡುಗನ ತಪ್ಪೇನೂ ಇರಲಿಲ್ಲ, ಆಡಿಸಿದವರು ದೊಡ್ಡವರು. ಜೊತೆಗೆ ಎಚ್ಚೆನ್, ದೇಶದಲ್ಲೆಲ್ಲ ಪ್ರಭಾವಿ ಭಕ್ತರಿದ್ದ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಒಂದರ ಮೇಲೊಂದು ಪತ್ರ ಬರೆದು, ತಾವು ಮಾಡುವ ಪವಾಡಗಳನ್ನು ಸಮಿತಿಯ ಮುಂದೆ, ಒಪ್ಪಿದ ಕಟ್ಟುಪಾಡಿನಲ್ಲಿ ಮಾಡಿ ತೋರಿಸಬೇಕೆಂದು ಕೋರಿದರು. ಅವಕಾಶ ಸಿಗಲಿಲ್ಲ. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ವಾದ ಎದ್ದಿತು.

ಪಾಠ ಹೇಳುವುದು ಬಿಟ್ಟು ಕುಲಪತಿಗೇಕೆ ಈ ಉಸಾಬರಿ ಎಂದವರು ಬಹಳ ಜನ. ಆ ಆಕ್ಷೇಪವನ್ನು ತಳ್ಳಿಹಾಕುವ ಮೊದಲು ಕೇಳಿಸಿಕೊಳ್ಳಬೇಕು. ವಿಶ್ವವಿದ್ಯಾಲಯ ಎಲ್ಲ ನಂಬಿಕೆಯವರ ತೆರಿಗೆಯಿಂದ ನಡೆಯುತ್ತದೆ. ಕುಲಪತಿ ಒಬ್ಬ ಗುರುವಿನ ಬಾಗಿಲು ತಟ್ಟಿದರೆ ಅದು ತಮ್ಮ ದೇವರ ಬಾಗಿಲು ತಟ್ಟಿದಂತೆ ಎಂದು ಸಾವಿರಾರು ಜನ ನೊಂದುಕೊಳ್ಳಬಹುದು, ನೊಂದುಕೊಂಡರು ಕೂಡ. ಆದರೂ ಎಚ್ಚೆನ್ ಸರಿಯಾಗಿದ್ದರು. ಪ್ರಶ್ನೆಯನ್ನು ಬಹಿರಂಗವಾಗಿ, ಸಹಿ ಹಾಕಿ, ಗೌರವದ ಭಾಷೆಯಲ್ಲಿ ಕೇಳಿದರು. ಉತ್ತರ ಏನು ಬಂದರೂ ಪ್ರಕಟಿಸಲು ಸಿದ್ಧರಿದ್ದರು. ಪ್ರಯೋಗದ ಮರ್ಯಾದೆ ಎಂದರೆ ಇದೇ. ಸಮಿತಿ ಹುಟ್ಟಿದ ವರ್ಷವೇ ಸಂಸತ್ತು ಸಂವಿಧಾನಕ್ಕೆ 42ನೇ ತಿದ್ದುಪಡಿ ತಂದು, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಮೂಲಭೂತ ಕರ್ತವ್ಯವೆಂದು ಬರೆಯಿತು. ಅದರ ಹಲವು ತಿಂಗಳು ಮೊದಲೇ ಒಬ್ಬ ಕುಲಪತಿ ಆ ಕರ್ತವ್ಯಕ್ಕೆ ಇಳಿದಾಗಿತ್ತು.

ಒಂದು ಕೊರತೆ ಮಾತ್ರ ಕಾಣುತ್ತದೆ. 1977ರಲ್ಲಿ ಅವರು ಕುಲಪತಿ ಸ್ಥಾನ ಬಿಟ್ಟರು, ಸಮಿತಿಯೂ ಅಲ್ಲಿಗೇ ನಿಂತಿತು. ಕುರ್ಚಿಯ ಬಲದಿಂದ ಹುಟ್ಟಿದ್ದು ಕುರ್ಚಿಯೊಡನೆ ಹೋಯಿತು. ಕುರ್ಚಿಗೆ ಹತ್ತು ವರ್ಷ ಮೊದಲು ಬರಿಯ ಪ್ರಾಂಶುಪಾಲರಾಗಿ ಕಟ್ಟಿದ ಸೈನ್ಸ್ ಫೋರಂ ಉಳಿಯಿತು. 2005ರ ಜನವರಿ 31ರಂದು ಅವರು ತೀರಿಕೊಂಡ ಮೇಲೂ ಅದರ ಉಪನ್ಯಾಸಗಳು ನಡೆದವು. ಗೌರಿಬಿದನೂರು, ಬಾಗೇಪಲ್ಲಿಯಂಥ ಗಡಿ ಊರುಗಳಲ್ಲಿ ನ್ಯಾಷನಲ್ ಶಿಕ್ಷಣ ಸಂಸ್ಥೆ ನಡೆಸುವ ಕಾಲೇಜುಗಳೂ ಉಳಿದವು. ನಡೆದೇ ಬೆಂಗಳೂರಿಗೆ ಹೋಗಬೇಕಾಗಿದ್ದ ತಾಲೂಕಿನ ಮಕ್ಕಳಿಗೆ ಕಾಲೇಜು ಊರಿಗೇ ಬಂತು. 1984ರಲ್ಲಿ ಪದ್ಮಭೂಷಣ ಬಂತು. ಅದು ಬಂದದ್ದೂ ಆ ಕೊಠಡಿಗೇ.

ಇಷ್ಟನ್ನೂ ಉಮರ್ಗಾ, ನಿಲಂಗಾ, ಉದಗೀರದ ಓದುಗರ ಮುಂದೆ ಇಡಬೇಕೆನಿಸುವುದಕ್ಕೆ ಒಂದು ನೆಲದ ಕಾರಣವಿದೆ. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಗಣಪತಿ ಕಳುಹಿಸಿ ಜನ ಮಲಗಿದ್ದ ರಾತ್ರಿ. ನಸುಕಿನ ನಾಲ್ಕರ ಸುಮಾರಿಗೆ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಔಸಾ ಮತ್ತು ಉಮರ್ಗಾ ತಾಲೂಕಿನ ಹಳ್ಳಿಗಳು ನೆಲಸಮವಾದವು. ಹತ್ತು ಸಾವಿರದಷ್ಟು ಜನ ಸತ್ತರು. ಭೂಕಂಪದ ತೀವ್ರತೆ 6ರ ಆಸುಪಾಸು. ಗಟ್ಟಿ ಮನೆಗಳಿರುವ ದೇಶಗಳಲ್ಲಿ ಇಷ್ಟೇ ಬಲದ ಕಂಪನಕ್ಕೆ ಸಾಯುವವರು ಬೆರಳೆಣಿಕೆ. ಇಲ್ಲಿ ಕೊಂದದ್ದು ಮನೆ. ಮಣ್ಣಿನ ಗಾರೆಯಲ್ಲಿ ಪೇರಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ವರ್ಷವರ್ಷವೂ ಹಾಕುತ್ತ ಬಂದ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪಾದ ಅದೇ ಭಾರ ಮಲಗಿದವರ ಎದೆಯ ಮೇಲೆ ಕುಸಿಯಿತು.

ಒಂದು ವರ್ಷ ಮೊದಲೇ, 1992ರಲ್ಲೇ, ಆ ಹಳ್ಳಿಗಳಲ್ಲಿ ಸಣ್ಣ ಕಂಪನಗಳು ಕೇಳಿಸಿದ್ದವು. ದಖನ್ನಿನ ಕಲ್ಲು ಗಟ್ಟಿ, ಇಲ್ಲಿ ಭೂಕಂಪ ಆಗದು ಎಂಬುದೇ ಆವರೆಗಿನ ಪಾಠ. ಭೂಮಿಯೊಳಗಿನ ಸದ್ದಿಗೆ ಅರ್ಥವೇನು, ಗೋಡೆಯ ಮೂಲೆಗಳನ್ನು ಹೇಗೆ ಬಿಗಿಯಬೇಕು, ಮಾಳಿಗೆಯ ಮಣ್ಣನ್ನು ಎಷ್ಟು ಇಳಿಸಬೇಕು ಎಂದು ಚಾವಡಿಯಲ್ಲಿ ನಿಂತು ಅವರ ಮಾತಿನಲ್ಲಿ ಹೇಳುವವರು ಬೇಕಿತ್ತು. ಮರಾಠವಾಡಾದಲ್ಲಿ ಆಗ ಕೃಷಿಯದನ್ನು ಬಿಟ್ಟರೆ ಇದ್ದ ಒಂದೇ ವಿಶ್ವವಿದ್ಯಾಲಯ ದೂರದ ಔರಂಗಾಬಾದಿನದು. ನಾಂದೇಡದ್ದು ಹುಟ್ಟಿದ್ದು ಮರುವರ್ಷ, 1994ರ ಸೆಪ್ಟೆಂಬರ್ 17ರಂದು, ಹೈದರಾಬಾದ್ ವಿಮೋಚನೆಯ ದಿನ. ವಿಜ್ಞಾನ ತನ್ನ ಆವರಣದ ಗೇಟು ದಾಟಿ ಹೊರಬರಬೇಕು ಎಂಬ ಎಚ್ಚೆನ್ನರ ಹಟ ಬೆಂಗಳೂರಿನ ವಿದ್ಯಾವಂತರ ಸಂಜೆಯ ಹವ್ಯಾಸವಾಗಿ ಕಂಡವರಿದ್ದರೆ, ಕಿಲ್ಲಾರಿಯ ಕಲ್ಲಿನ ರಾಶಿಯ ಮುಂದೆ ನಿಂತು ಇನ್ನೊಮ್ಮೆ ಯೋಚಿಸಬೇಕು.

ಈಗ ಈ ಪಟ್ಟಿಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಬರವಿಲ್ಲ. ಲಾತೂರಿನ ರಾಜರ್ಷಿ ಶಾಹು ಕಾಲೇಜಿನಂಥ ಸಂಸ್ಥೆಗಳಿಂದ ಬೆಳೆದ ‘ಲಾತೂರ್ ಪ್ಯಾಟರ್ನ್’ ಮಹಾರಾಷ್ಟ್ರಕ್ಕೆಲ್ಲ ಗೊತ್ತು. ಜನಾರ್ದನ ವಾಘಮಾರೆಯವರೂ ಕುಲಪತಿಯಾಗುವ ಮೊದಲು ಅಲ್ಲಿ ಪ್ರಾಂಶುಪಾಲರಾಗಿದ್ದವರೇ. ದಿನಕ್ಕೊಂದು ಪರೀಕ್ಷೆ, ಮತ್ತೆ ಮತ್ತೆ ಅಭ್ಯಾಸ, ಬೆಳಗಿನಿಂದ ರಾತ್ರಿಯವರೆಗೆ ಕ್ಲಾಸು. ಈ ವಿಧಾನದಿಂದ ಹೊಲದ ಮನೆಯ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಿದ್ದಾರೆ. ಭಾಲ್ಕಿ, ಔರಾದ್ ಕಡೆಯವರೂ ಹನ್ನೊಂದನೇ ತರಗತಿಗೆ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಾರೆ. ಇದನ್ನು ಹಗುರಾಗಿ ಕಾಣುವುದು ಅನ್ಯಾಯ. ಆದರೆ ನೀಟ್ ಪ್ರಶ್ನೆಪತ್ರಿಕೆಯಲ್ಲಿ ಕೇಳುವವರು ಬೇರೆಯವರು, ಉತ್ತರಿಸುವವನು ವಿದ್ಯಾರ್ಥಿ. ಫೋರಂನ ಸಂಜೆಗಳಲ್ಲಿ ಕೇಳುವವನೇ ವಿದ್ಯಾರ್ಥಿ. ಈ ಎರಡನೇ ಅಭ್ಯಾಸಕ್ಕೆ ನಿಲಂಗಾದ ಹುಡುಗಿಗೆ ಎಲ್ಲಿ ಜಾಗವಿದೆ?

ನಾಂದೇಡದ ವಿಶ್ವವಿದ್ಯಾಲಯಕ್ಕೆ ಲಾತೂರಿನಲ್ಲಿ ಉಪಕೇಂದ್ರವಿದೆ, ಅಂಬೇಡ್ಕರ್ ವಿಶ್ವವಿದ್ಯಾಲಯಕ್ಕೆ ಧಾರಾಶಿವದಲ್ಲಿದೆ. 1980ರಲ್ಲಿ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯ ಗಡಿಯ ಈಚೆಗೆ ಕೂತಿದೆ. ಉದಗೀರದ ಒಂದು ಕಾಲೇಜಿನ ಸಭಾಂಗಣದಲ್ಲಿ ವಾರಕ್ಕೊಂದು ಸಂಜೆ, ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ, ಮಾಂಜರಾ ನದಿಯ ನೀರು, ತೊಗರಿಯ ನೆಟೆರೋಗ, ಕೊಳವೆಬಾವಿ, ಭೂಕಂಪ, ಹಾವು ಕಡಿತ ಇಂಥವುಗಳ ಮೇಲೆ ಮಾತು ನಡೆಸುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸಾವಿರ ಎಕರೆಯೂ ಬೇಕಿಲ್ಲ. ಹಾವು ಕಚ್ಚಿದವನನ್ನು ಮಂತ್ರ ಹಾಕಿಸಲು ಒಯ್ಯಬೇಕೋ ಆಸ್ಪತ್ರೆಗೋ ಎಂಬುದು ಈ ಹೊಲಗಳಲ್ಲಿ ಇಂದಿಗೂ ಜೀವದ ಪ್ರಶ್ನೆ.

ಕಾಯ್ದೆಗಳಂತೂ ಗಡಿಯ ಎರಡೂ ಕಡೆ ಬಂದಿವೆ. ಅಂಧಶ್ರದ್ಧೆಯ ವಿರುದ್ಧ ದುಡಿದ ವೈದ್ಯ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದ ಮೇಲೆ ಮಹಾರಾಷ್ಟ್ರ ಅದೇ ಡಿಸೆಂಬರಿನಲ್ಲಿ ವಾಮಾಚಾರ ತಡೆ ಕಾಯ್ದೆ ಮಾಡಿತು. ಕರ್ನಾಟಕ 2017ರಲ್ಲಿ ಅಂಥದೇ ಕಾಯ್ದೆ ಮಾಡಿ 2020ರಲ್ಲಿ ಜಾರಿಗೆ ತಂದಿತು. ನರಬಲಿ, ಮಾಟದ ಹೆಸರಿನ ಹಿಂಸೆ, ಹಾವು ಕಡಿತಕ್ಕೆ ಚಿಕಿತ್ಸೆ ತಪ್ಪಿಸುವುದು ಉಮರ್ಗಾದಲ್ಲೂ ಅಪರಾಧ, ಬಸವಕಲ್ಯಾಣದಲ್ಲೂ ಅಪರಾಧ. ಪೊಲೀಸರು ಬರುವುದು ಅನಾಹುತ ನಡೆದ ಮೇಲೆ. ಅದಕ್ಕೆ ಮೊದಲಿನ ಕೆಲಸ ಊರಿನ ವಿಜ್ಞಾನ ಮೇಷ್ಟ್ರದು, ಮೇಡಮ್ಮಂದಿರದು. ಅವರನ್ನು ಕರೆದು ಕೂರಿಸಿ, ಅವರಿಗೆ ವೇದಿಕೆ, ಪುಸ್ತಕ, ಬಸ್ ಖರ್ಚು ಕೊಟ್ಟು, ಯಾರಾದರೂ ಎದುರು ನಿಂತ ದಿನ ಅವರ ಹಿಂದೆ ನಿಲ್ಲುವ ಅಧಿಕಾರ ನಾಂದೇಡದಲ್ಲೂ ಕಲಬುರಗಿಯಲ್ಲೂ ಕುಲಪತಿಗೆ ಇದೆ.